ಮೊದಲು ಗೋಡೆ ಒಣಗಲಿ, ಆಮೇಲೆ ಬೋರ್ಡ್

(ಚಿಕ್ಕಮಗಳೂರಿನಲ್ಲಿ ಗಾರೆ ಮೇಸ್ತ್ರಿಗಳು, ಮನೆ ಕಟ್ಟಿಸುತ್ತಿರುವವರು, ಹೋಂಸ್ಟೇ ನಡೆಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಿಪ್ಸಂ ಬೋರ್ಡ್ ಅಂದರೆ ನಮ್ಮ ಕಡೆ ಜನರಿಗೆ ನೆನಪಾಗುವುದು ಫಾಲ್ಸ್ ಸೀಲಿಂಗ್. ಈಗ ಅದೇ ಬೋರ್ಡನ್ನು ಇಟ್ಟಿಗೆ ಗೋಡೆಗೆ ನೇರವಾಗಿ ಅಂಟಿಸುವ ಕೆಲಸವೂ ಶುರುವಾಗಿದೆ. ಕಬ್ಬಿಣದ ಫ್ರೇಮ್ ಬೇಡ. ಜಿಪ್ಸಂನಿಂದಲೇ ಮಾಡಿದ ಅಂಟಿನ ಪುಡಿಯನ್ನು ನೀರಿನಲ್ಲಿ ಕಲಸಿ, ಕರಣೆಯಲ್ಲಿ ಗೋಡೆಗೆ ಮುದ್ದೆ ಮುದ್ದೆಯಾಗಿ ಹಾಕಿ, ಬೋರ್ಡ್ ಒತ್ತಿ ನಿಲ್ಲಿಸುತ್ತಾರೆ. ಮಟ್ಟಗೋಲಿನಲ್ಲಿ ತಟ್ಟಿ ಸಮ ಮಾಡುತ್ತಾರೆ. ಒಂದು ಕೋಣೆ ಒಂದೇ ದಿನದಲ್ಲಿ ನುಣ್ಣಗಾಗುತ್ತದೆ. ಗಾರೆ ಇಲ್ಲ, ಮರಳಿನ ಲೋಡ್ ಇಲ್ಲ, ದಿನಾ ನೀರು ಹೊಡೆಯುವ ರಗಳೆ ಇಲ್ಲ. ನೋಡಿದವರಿಗೆ ಆಸೆ ಆಗುವುದು ಸಹಜ.

ಬೋರ್ಡ್ ಅಂಟಿಸುವುದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಮೊಬೈಲ್ ತೆಗೆದರೆ ವಿಡಿಯೋ ಸಿಗುತ್ತದೆ. ನಾನು ಮಾತಾಡಬೇಕು ಅಂತ ಬಂದಿದ್ದು ಅದಕ್ಕೆ ಮೊದಲಿನ ಕೆಲಸದ ಬಗ್ಗೆ. ಆ ವಿಡಿಯೋಗಳಲ್ಲಿ ಗೋಡೆ ಯಾವಾಗಲೂ ತಯಾರಾಗೇ ಇರುತ್ತದೆ, ಗಮನಿಸಿದ್ದೀರಾ? ನಮ್ಮ ಗೋಡೆಗಳು ಹಾಗೆ ಇರುವುದಿಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಈ ಪದ್ಧತಿ ಜಾಸ್ತಿ ಬಳಕೆಯಲ್ಲಿರುವುದು ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ. ಬೋರ್ಡ್ ಅಮೆರಿಕದಲ್ಲಿ ಬೆಳೆದ ವಸ್ತು. ಅಗಸ್ಟೀನ್ ಸ್ಯಾಕೆಟ್ ಅನ್ನುವವರು 1894ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಆದರೆ ಅಮೆರಿಕದವರು ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಹೊಡೆಯುತ್ತಾರೆ. ಬ್ರಿಟನ್‌ನವರು ಇಟ್ಟಿಗೆ, ಬ್ಲಾಕ್ ಗೋಡೆಗೆ ಅಂಟಿಸುತ್ತಾರೆ. ಅಲ್ಲಿ ಕಳೆದ ನೂರು ವರ್ಷಗಳಿಂದ ಕಟ್ಟುತ್ತಾ ಬಂದ ಮನೆಗಳಲ್ಲಿ ಹೆಚ್ಚಿನವಕ್ಕೆ ಹೊರಗೋಡೆ ಎರಡು ಪದರ. ಹೊರಗೊಂದು ಗೋಡೆ, ಒಳಗೊಂದು ಗೋಡೆ, ನಡುವೆ ಎರಡು ಇಂಚಿಗೆ ಕಡಿಮೆಯಿಲ್ಲದ ಸಂದು. ಮಳೆ ಹೊರಗಿನ ಪದರವನ್ನು ನೆನೆಸಿದರೂ ಸಂದಿನಲ್ಲಿ ಕೆಳಗೆ ಇಳಿದು ಹೋಗುತ್ತದೆ. ಒಳಗಿನ ಪದರ ಒಣಗಿಯೇ ಇರುತ್ತದೆ. ಬೋರ್ಡ್ ಅಂಟುವುದು ಆ ಒಣಗಿದ ಪದರಕ್ಕೆ.

ನಮ್ಮದು ಒಂಬತ್ತಿಂಚಿನ ಒಂದೇ ಗೋಡೆ. ಹೊರಗೆ ಆರಿದ್ರಾ ಮಳೆ ಬಡಿಯುತ್ತಿರುತ್ತದೆ, ಒಳಗೆ ಅದೇ ಇಟ್ಟಿಗೆಯ ಇನ್ನೊಂದು ತುದಿ ಇರುತ್ತದೆ. ಈ ವ್ಯತ್ಯಾಸ ತಲೆಯಲ್ಲಿ ಇಟ್ಟುಕೊಂಡರೆ ಇವತ್ತು ನಾನು ಹೇಳುವುದರಲ್ಲಿ ಅರ್ಧ ನಿಮಗೇ ಹೊಳೆಯುತ್ತದೆ.

ಜಿಪ್ಸಂಗೂ ನೀರಿಗೂ ಇರುವ ಸಂಬಂಧ ಸ್ವಲ್ಪ ವಿಚಿತ್ರ. ಜಿಪ್ಸಂ ಕಲ್ಲಿನ ತೂಕದಲ್ಲಿ ನೂರಕ್ಕೆ ಸುಮಾರು 21 ಭಾಗ ನೀರೇ ಇರುತ್ತದೆ. ಅದು ಕೈಗೆ ತಗಲುವ ನೀರಲ್ಲ, ಹರಳಿನೊಳಗೆ ಸೇರಿಕೊಂಡ ನೀರು. ಕಲ್ಲನ್ನು ಪುಡಿ ಮಾಡಿ ಕಾಯಿಸಿದರೆ ಆ ನೀರಿನ ಮುಕ್ಕಾಲು ಪಾಲು ಹೊರಟು ಹೋಗುತ್ತದೆ. ಉಳಿಯುವುದು ನಮಗೆಲ್ಲ ಗೊತ್ತಿರುವ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ. ಅದಕ್ಕೆ ಮತ್ತೆ ನೀರು ಹಾಕಿದರೆ ಕಳೆದುಕೊಂಡಿದ್ದನ್ನು ವಾಪಸ್ ಎಳೆದುಕೊಂಡು ಸೂಜಿಯಂಥ ಹರಳುಗಳಾಗಿ ಗಟ್ಟಿಯಾಗುತ್ತದೆ. ಅಂದರೆ ಅಂಟು ಗಟ್ಟಿಯಾಗುವ ಹೊತ್ತಿನಲ್ಲಿ ನೀರು ಬೇಕೇ ಬೇಕು. ಗಟ್ಟಿಯಾದ ಮೇಲೆ ನೀರು ಬೇಡವೇ ಬೇಡ. ಒಂದು ಲೀಟರ್ ನೀರಿನಲ್ಲಿ 2 ಗ್ರಾಂಗಿಂತ ಸ್ವಲ್ಪ ಜಾಸ್ತಿ ಜಿಪ್ಸಂ ಕರಗುತ್ತದೆ. ಕಡಿಮೆ ಅನ್ನಿಸಬಹುದು. ಆದರೆ ವರ್ಷಾವರ್ಷ ತೇವ ಹತ್ತಿ ಇಳಿಯುತ್ತಿದ್ದರೆ ಬೋರ್ಡ್ ಮೆತ್ತಗಾಗುತ್ತದೆ, ಅಂಟು ಸಡಿಲವಾಗುತ್ತದೆ. ಅದಕ್ಕಿಂತ ಮೊದಲೇ ಬೋರ್ಡಿನ ಮೈಮೇಲಿರುವ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ.

ಹಾಗಾಗಿ ತಯಾರಿಯ ಮೊದಲ ಕೆಲಸ ಗೋಡೆ ತೇವ ಇದೆಯಾ ಅಂತ ನೋಡುವುದು. ಯಾವಾಗ ನೋಡಬೇಕು ಅನ್ನುವುದರಲ್ಲೇ ನಮ್ಮವರು ಎಡವುತ್ತಾರೆ. ಏಪ್ರಿಲ್‌ನಲ್ಲಿ ನೋಡಿದರೆ ಕೊಪ್ಪದ ಗೋಡೆಯೂ ಕಡೂರಿನ ಗೋಡೆಯ ಹಾಗೇ ಒಣಗಿರುತ್ತದೆ. ಗೋಡೆ ನೋಡಬೇಕಾದ್ದು ಪುಷ್ಯ ಮಳೆಯಲ್ಲಿ, ಜುಲೈ ಕೊನೆಗೆ. ಹೊರಗೆ ಬಿಡದೆ ಸುರಿಯುತ್ತಿರುವಾಗ ಒಳಗೆ ಟಾರ್ಚ್ ಹಿಡಿದು ಗೋಡೆಗೆ ಓರೆಯಾಗಿ ಬೆಳಕು ಬಿಡಿ. ಕಲೆ ಎಲ್ಲಿದೆ, ಯಾವ ಆಕಾರದಲ್ಲಿದೆ ನೋಡಿ. ಸೀಮೆಸುಣ್ಣದಲ್ಲಿ ಅದರ ಸುತ್ತ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ವಾರ ಬಿಟ್ಟು ನೋಡಿದರೆ ಕಲೆ ಗೆರೆ ದಾಟಿದೆಯಾ ಇಲ್ಲವಾ ಗೊತ್ತಾಗುತ್ತದೆ.

ನೋಡುವುದು ಮಳೆಗಾಲದಲ್ಲಿ, ಮಾಡುವುದು ಬೇಸಿಗೆಯಲ್ಲಿ. ಇಲ್ಲಿ ಹೋಂಸ್ಟೇ ನಡೆಸುವವರಿಗೆ ಒಂದು ಮಾತು ಹೇಳಲೇಬೇಕು. ಕೆಲವರು ಜೂನ್, ಜುಲೈನಲ್ಲಿ ರೂಮುಗಳು ಖಾಲಿ ಇರುತ್ತವೆ ಅಂತ ಆಗಲೇ ಒಳಗಿನ ಕೆಲಸ ಹಿಡಿಸುತ್ತಾರೆ. ದಸರಾ ರಜೆಗೆ ರೂಮು ತಯಾರಾಗಬೇಕು ಅನ್ನುವ ಲೆಕ್ಕ. ವ್ಯಾಪಾರದ ದೃಷ್ಟಿಯಿಂದ ಸರಿ. ಗೋಡೆಯ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಕಾಫಿ ಕುಯ್ಲು ಮುಗಿದು, ಆಳುಕಾಳು ಕೈಗೆ ಸಿಗುವ ಹೊತ್ತಿಗೆ, ಶಿವರಾತ್ರಿ ಆಸುಪಾಸಿನಲ್ಲಿ ಈ ಕೆಲಸ ಇಟ್ಟುಕೊಳ್ಳಿ. ಹೂಮಳೆ ಒಂದೆರಡು ಬಂದರೂ ಗೋಡೆಗೆ ಅಷ್ಟೇನೂ ಆಗುವುದಿಲ್ಲ.

ಇನ್ನು ಕಲೆಯ ಆಕಾರದ ವಿಷಯ. ಬುಡದಿಂದ ಎದ್ದು, ಸೊಂಟದ ಎತ್ತರಕ್ಕೆ ಅಡ್ಡ ಗೆರೆಯ ಹಾಗೆ ನಿಂತಿದ್ದರೆ ಅದು ನೆಲದಿಂದ ಏರಿದ ತೇವ. ಹಳೆಯ ಮನೆಗಳಲ್ಲಿ ಪಾಯಕ್ಕೂ ಗೋಡೆಗೂ ನಡುವೆ ಡಿಪಿಸಿ, ಅಂದರೆ ನೆಲದ ತೇವ ಮೇಲೇರದಂತೆ ತಡೆಯುವ ಪದರ, ಇರುವುದಿಲ್ಲ. ಹೊಸ ಮನೆಯಲ್ಲಿ ಡಿಪಿಸಿ ಇದ್ದರೂ ಅಂಗಳಕ್ಕೆ ಮಣ್ಣು ತುಂಬಿ, ಟೈಲ್ಸ್ ಹಾಕಿ ಅದಕ್ಕಿಂತ ಮೇಲೆ ಬಂದುಬಿಟ್ಟಿರುತ್ತಾರೆ. ಕಿಟಕಿಯ ಕೆಳಮೂಲೆಯಲ್ಲಿ ಮೀಸೆಯ ಹಾಗೆ ಇಳಿದಿದ್ದರೆ ಕಿಟಕಿ ಕಟ್ಟೆಯ ಇಳಿಜಾರು ಒಳಕ್ಕಿದೆ ಅಂತ. ಸಜ್ಜದ ಮಟ್ಟದಲ್ಲಿ ಉದ್ದಕ್ಕೆ ಬಂದಿದ್ದರೆ ಸಜ್ಜ ಮತ್ತು ಗೋಡೆ ಸೇರುವ ಕಡೆ ಬಿರುಕು. ಮಳೆಗಾಲ ಮುಗಿದರೂ ಒಂದೇ ಜಾಗದಲ್ಲಿ ಕಲೆ ಹಸಿಯಾಗೇ ಇದ್ದರೆ ಗೋಡೆಯೊಳಗಿನ ಪೈಪು ನೋಡಿ. ಬೀರುವಿನ ಹಿಂದೆ, ಮೂಲೆಗಳಲ್ಲಿ ಮಾತ್ರ ಕಪ್ಪು ಚುಕ್ಕೆ ಇದ್ದರೆ ಗಾಳಿ ಆಡುತ್ತಿಲ್ಲ ಅಂತ. ಒಂದೊಂದಕ್ಕೂ ಬೇರೆ ಬೇರೆ ಮದ್ದು. ಎಲ್ಲದಕ್ಕೂ ಒಂದೇ ಡಬ್ಬಿ ಕೆಮಿಕಲ್ ಮಾರುವವರನ್ನು ನಾನು ನಂಬುವುದಿಲ್ಲ.

ಅನುಮಾನ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಗಾಳಿ ಹೋಗಬಾರದು. ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದ್ದರೆ ಕೋಣೆಯ ಗಾಳಿಯಲ್ಲಿ ಇರುವ ತೇವ. ಎರಡು ಮುಳ್ಳು ಚುಚ್ಚಿ ನೋಡುವ ಮೀಟರ್ ಕೂಡ ಸಿಗುತ್ತದೆ. ಅದನ್ನು ಕಣ್ಣು ಮುಚ್ಚಿ ನಂಬಬೇಡಿ. ಅದು ಅಳೆಯುವುದು ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು. ಗೋಡೆಯಲ್ಲಿ ಉಪ್ಪು ಇದ್ದರೆ ಒಣಗಿದ ಗೋಡೆಗೂ ಜಾಸ್ತಿ ತೋರಿಸುತ್ತದೆ.

ಇಲ್ಲಿ ಮುಂದೆ ಕೂತಿದ್ದ ಮೇಸ್ತ್ರಿಯೊಬ್ಬರು ಕೇಳಿದರು: "ಸಾರ್, ಒಳಗಡೆಯಿಂದ ವಾಟರ್‌ಪ್ರೂಫ್ ಎರಡು ಕೋಟ್ ಹೊಡೆದು ಮೇಲೆ ಬೋರ್ಡ್ ಅಂಟಿಸಿದರೆ ಆಗಲ್ವಾ?"

ಆಗುವುದಿಲ್ಲ ಮೇಸ್ತ್ರಿಗಳೇ. ಹೊರಗಿನಿಂದ ನೀರು ಬರುತ್ತಲೇ ಇರುತ್ತದೆ. ಒಳಗೆ ಮುಚ್ಚಿದರೆ ಅದು ಆರುವ ದಾರಿ ಹೋಯಿತು. ಇಟ್ಟಿಗೆಯೊಳಗೇ ಕೂತು, ಮುಚ್ಚಿದ ಜಾಗ ದಾಟಿ ಮೇಲೋ ಪಕ್ಕಕ್ಕೋ ಹೋಗಿ ಬೇರೆ ಕಡೆ ಹೊರಬರುತ್ತದೆ. ಜೊತೆಗೆ ಉಪ್ಪು ಆ ಪದರದ ಹಿಂದೆಯೇ ಸೇರಿಕೊಂಡು ನಿಧಾನಕ್ಕೆ ಅದನ್ನು ಎಬ್ಬಿಸುತ್ತದೆ. ಇನ್ನೊಂದು ತೊಂದರೆ ಏನಂದರೆ ಅಂಥ ನುಣುಪಾದ ಪದರಕ್ಕೆ ಜಿಪ್ಸಂ ಅಂಟು ಸರಿಯಾಗಿ ಕಚ್ಚುವುದಿಲ್ಲ. ನೀರು ನಿಲ್ಲಿಸಬೇಕಾದ್ದು ಅದು ಬರುವ ಕಡೆ. ಹೊರಗಾರೆಯ ಬಿರುಕು ಮುಚ್ಚಿ, ಸೂರು ಮುಂದಕ್ಕೆ ಚಾಚಿ, ಗೋಡೆ ಬುಡದ ಮಣ್ಣು ತೆಗೆದು ನೀರು ಹರಿದು ಹೋಗುವ ಹಾಗೆ ಮಾಡಿ. ಹಿಂದಿನವರು ಮಳೆ ಬಡಿಯುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಲ್ಲ, ಅದು ಗೋಡೆಯಿಂದ ಸಂದು ಬಿಟ್ಟು ನಿಲ್ಲುತ್ತಿತ್ತು. ಬ್ರಿಟನ್‌ನವರ ಎರಡು ಪದರದ ಗೋಡೆ ಮಾಡುವ ಕೆಲಸವನ್ನೇ ಆ ತಟ್ಟಿ ಮಾಡುತ್ತಿತ್ತು. ಈಗ ಅದೇ ಜಾಗಕ್ಕೆ ಶೀಟ್ ಹೊಡೆಸುತ್ತಾರೆ. ನೋಡಲು ಚೆನ್ನಾಗಿಲ್ಲ, ಆದರೆ ಕೆಲಸ ಮಾಡುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಆ ಕಡೆ ಸಕಲೇಶಪುರ, ಇಲ್ಲೆಲ್ಲ ನೈಋತ್ಯಕ್ಕೆ ಮುಖ ಮಾಡಿದ ಹೊರಗೋಡೆಗೆ ಬೋರ್ಡ್ ಅಂಟಿಸಲೇಬೇಡಿ. ನಮ್ಮ ಮುಂಗಾರು ಬೀಸುವುದೇ ಆ ದಿಕ್ಕಿನಿಂದ. ಬೋರ್ಡೇ ಬೇಕು ಅಂದರೆ ಗೋಡೆಗೆ ತಾಗದ ಹಾಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಫ್ರೇಮ್ ನಿಲ್ಲಿಸಿ ಹೊಡೆಯಿರಿ. ಅಂಟಿಸಿದ ಬೋರ್ಡಿನಲ್ಲಿ ಒಂದೊಂದು ಮುದ್ದೆಯೂ ಗೋಡೆಯಿಂದ ಬೋರ್ಡಿಗೆ ತೇವ ದಾಟುವ ಸೇತುವೆ. ಕೆಲವು ಮನೆಗಳಲ್ಲಿ ಬಣ್ಣದ ಮೇಲೆ ಒಂದೇ ಅಂತರದಲ್ಲಿ ಸಾಲಾಗಿ ಮಬ್ಬು ಕಲೆಗಳು ಕಾಣುತ್ತವೆ. ಹಿಂದೆ ಮುದ್ದೆ ಎಲ್ಲೆಲ್ಲಿದೆ ಅಂತ ಗೋಡೆಯೇ ಬರೆದು ತೋರಿಸಿದ ಹಾಗೆ. ಒಳಗೋಡೆಗಳಿಗೆ, ಕೋಣೆ ಕೋಣೆಯ ನಡುವಿನ ಗೋಡೆಗೆ ಎಲ್ಲ ಊರಿನಲ್ಲೂ ಧಾರಾಳವಾಗಿ ಅಂಟಿಸಬಹುದು. ಕಡೂರು, ತರೀಕೆರೆ, ಅರಸೀಕೆರೆ ಕಡೆ ಹೊರಗೋಡೆಗೂ ಪರವಾಗಿಲ್ಲ, ಬುಡದ ತೇವ ಇಲ್ಲದಿದ್ದರೆ. ಬಾಬಾಬುಡನ್‌ಗಿರಿಯ ಈಚೆಗೂ ಆಚೆಗೂ ಒಂದೇ ಜಿಲ್ಲೆ ಅಂದುಕೊಂಡು ಒಂದೇ ಪದ್ಧತಿ ಹಿಡಿಯಬೇಡಿ. ಬಚ್ಚಲಿಗೆ ಎಲ್ಲೂ ಬೇಡ. ಹಸಿರು ಬಣ್ಣದ ಬೋರ್ಡ್ ತೇವ ತಡೆಯುತ್ತದೆ, ನೀರು ತಡೆಯುವುದಿಲ್ಲ.

ಹೊಸ ಗೋಡೆಯ ಕಥೆ ಬೇರೆ. ಅಲ್ಲಿ ಮಳೆಯ ನೀರಿಗಿಂತ ನಾವೇ ಹಾಕಿದ ನೀರು ಜಾಸ್ತಿ. ಇಟ್ಟಿಗೆ ನೆನೆಸಿ ಕಟ್ಟುತ್ತೇವೆ, ಗಾರೆಯಲ್ಲಿ ನೀರು, ಆಮೇಲೆ ದಿನಾ ನೀರು ಹೊಡೆಯುವ ಕ್ಯೂರಿಂಗ್. ಭಾರತೀಯ ಮಾನಕ ಐಎಸ್ 1077ರ ಪ್ರಕಾರ ಸಾಮಾನ್ಯ ಇಟ್ಟಿಗೆ 24 ಗಂಟೆ ನೀರಿನಲ್ಲಿ ಮುಳುಗಿದ್ದರೆ ತನ್ನ ತೂಕದ 20 ಶೇಕಡಾಕ್ಕಿಂತ ಹೆಚ್ಚು ನೀರು ಕುಡಿಯಬಾರದು. 3 ಕೆಜಿ ಇಟ್ಟಿಗೆ ಅಂದರೆ 600 ಗ್ರಾಂ ನೀರು. ಇದು ಒಳ್ಳೆಯ ಇಟ್ಟಿಗೆಗೆ ಕೊಟ್ಟ ಮಿತಿ. ಅಂಥ ಎಷ್ಟು ಇಟ್ಟಿಗೆ ಒಂದು ಗೋಡೆಯಲ್ಲಿ ಇರುತ್ತವೆ, ಲೆಕ್ಕ ಹಾಕಿ. ಒಂದು ಇಂಚು ದಪ್ಪ ಒಣಗಲು ಒಂದು ತಿಂಗಳು ಅನ್ನುವುದು ಕಟ್ಟಡದವರಲ್ಲಿ ಓಡಾಡುವ ಹಳೆಯ ಅಂದಾಜು. ಎರಡೂ ಕಡೆಯಿಂದ ಗಾಳಿ ಆಡಿದರೆ ಒಂಬತ್ತಿಂಚಿಗೆ ನಾಲ್ಕೈದು ತಿಂಗಳು. ಒಂದು ಕಡೆಗೆ ಆಗಲೇ ಗಾರೆ ಬಣ್ಣ ಆಗಿದ್ದರೆ ಇನ್ನೂ ಜಾಸ್ತಿ. ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳನ್ನು ಈ ಲೆಕ್ಕಕ್ಕೆ ಹಿಡಿಯಲೇಬೇಡಿ. ಗೃಹಪ್ರವೇಶದ ಮುಹೂರ್ತ ಗೊತ್ತು ಮಾಡುವಾಗ ಜೋಯಿಸರ ಜೊತೆ ಗೋಡೆಯನ್ನೂ ಒಂದು ಮಾತು ಕೇಳಿದರೆ ಒಳ್ಳೆಯದು.

ಗೋಡೆ ಒಣಗುವಾಗ ಬಿಳಿ ಉಪ್ಪು ಹೊರಗೆ ಬರುತ್ತದೆ. ಇಟ್ಟಿಗೆ ಮಣ್ಣಿನಲ್ಲೋ, ಮರಳಿನಲ್ಲೋ, ನೀರಿನಲ್ಲೋ ಇದ್ದ ಉಪ್ಪು ನೀರಿನ ಜೊತೆ ಮೇಲೆ ಬಂದು, ನೀರು ಆರಿದ ಮೇಲೆ ಅಲ್ಲೇ ಉಳಿದಿರುತ್ತದೆ. ಇದನ್ನು ಕಂಡ ತಕ್ಷಣ ನಮ್ಮವರು ಪೈಪ್ ಹಿಡಿದು ತೊಳೆಯುತ್ತಾರೆ. ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಗೆ ಹೋಗುತ್ತದೆ, ಮುಂದಿನ ತಿಂಗಳು ಮತ್ತೆ ಬರುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ, ಬಿದ್ದ ಪುಡಿಯನ್ನು ಗುಡಿಸಿ ಹೊರಗೆ ಹಾಕಿ. ಮತ್ತೆ ಬಂದರೆ ಮತ್ತೆ ಉಜ್ಜಿ. ಬರುವುದು ನಿಂತ ಮೇಲೆ ಮಾತ್ರ ಅಂಟಿನ ಯೋಚನೆ ಮಾಡಿ. ಉಪ್ಪು ಬರುತ್ತಿದೆ ಅಂದರೆ ನೀರು ಇನ್ನೂ ಓಡಾಡುತ್ತಿದೆ ಅಂತಲೇ ಅರ್ಥ ಅಲ್ವಾ?

ಈಗ ಮೇಲ್ಮೈಗೆ ಬರೋಣ. ಬಯಲುಸೀಮೆ ಕಡೆ ಗೋಡೆಗೆ ಬೆರಣಿ ತಟ್ಟುವುದನ್ನು ನೋಡಿದ್ದೀರಿ. ಹಸಿ ಇದ್ದಾಗ ಗಟ್ಟಿಯಾಗಿ ಕೂತಿರುತ್ತದೆ. ಒಣಗಿದ ಮೇಲೆ ಬೆರಳು ತಾಗಿಸಿದರೆ ಇಡಿಯಾಗಿ ಕೈಗೆ ಬರುತ್ತದೆ. ಬೆರಣಿಗೆ ಅದೇ ಬೇಕು. ಬೋರ್ಡಿನ ಹಿಂದಿನ ಮುದ್ದೆಗೆ ಹಾಗಾಗಬಾರದು. ಎಂಟಡಿ ನಾಲ್ಕಡಿಯ, ಅರ್ಧ ಇಂಚು ದಪ್ಪದ ಒಂದು ಬೋರ್ಡ್ ಸುಮಾರು 25 ಕೆಜಿ ತೂಗುತ್ತದೆ. ಅಷ್ಟು ಭಾರ ನಿಂತಿರುವುದು ಮೂರು ನಾಲ್ಕು ಸಾಲು ಮುದ್ದೆಯ ಮೇಲೆ, ಆ ಮುದ್ದೆ ನಿಂತಿರುವುದು ಇಟ್ಟಿಗೆಯ ಮೈಮೇಲೆ ಏನಿದೆಯೋ ಅದರ ಮೇಲೆ. ಅಂಟು ಸುಣ್ಣಕ್ಕೆ ಹಿಡಿದಿದ್ದರೆ, ಸುಣ್ಣ ಗೋಡೆಯನ್ನು ಎಷ್ಟು ಹಿಡಿದಿದೆಯೋ ಅಷ್ಟೇ ನಿಮ್ಮ ಬಲ.

ಹಳೆಯ ಮನೆಯ ಸುಣ್ಣದ ಗೋಡೆಗೆ ಅಂಗೈ ಉಜ್ಜಿ ನೋಡಿ. ಬಿಳಿ ಹತ್ತಿದರೆ ಪೂರ್ತಿ ಕೆರೆದು ತೆಗೆಯಬೇಕು. ವರ್ಷಕ್ಕೊಂದು ಸಲ ಹಬ್ಬಕ್ಕೆ ಬಳಿದ ಸುಣ್ಣ ಪದರ ಪದರವಾಗಿ ಕೂತಿರುತ್ತದೆ. ಡಿಸ್ಟೆಂಪರ್ ಕೂಡ ಅಷ್ಟೇ. ಆಯಿಲ್ ಪೇಂಟ್ ಗಟ್ಟಿಯಾಗಿದ್ದರೂ ಅಂಟು ಅದರ ಮೇಲೆ ಕಚ್ಚುವುದಿಲ್ಲ. ಮುದ್ದೆ ಬೀಳುವ ಜಾಗದಲ್ಲಾದರೂ ಪೇಂಟ್ ಕಿತ್ತು ಇಟ್ಟಿಗೆ ಅಥವಾ ಗಾರೆ ಕಾಣಬೇಕು. ಹಳೆಯ ಅಡುಗೆಮನೆ, ಬಚ್ಚಲ ಒಲೆಯ ಗೋಡೆಗಳಲ್ಲಿ ಹೊಗೆಯ ಮಸಿ ಜಿಡ್ಡಿನ ಜೊತೆ ಸೇರಿ ಕೂತಿರುತ್ತದೆ. ಅದನ್ನು ಸೋಪಿನ ನೀರಿನಲ್ಲಿ ಉಜ್ಜಿ, ಒಣಗಿಸಿ, ಆಮೇಲೆ ಕಚ್ಚು ಕಚ್ಚಾಗಿ ಉಳಿಯಲ್ಲಿ ಹೊಡೆಯಬೇಕು. ಹಳೆಯ ಗಾರೆ ಇದ್ದರೆ ಸುತ್ತಿಗೆಯ ಹಿಡಿಯಲ್ಲಿ ತಟ್ಟುತ್ತಾ ಹೋಗಿ. ಟೊಳ್ಳು ಶಬ್ದ ಬಂದ ಕಡೆ ಕೆಡವಿ. ಹಳೆಯ ಗಾರೆ ಚೆನ್ನಾಗಿಯೇ ಇದೆ ಅಂದರೆ ಬೋರ್ಡ್ ಯಾಕೆ ಅಂತಲೂ ಒಂದು ಸಲ ಕೇಳಿಕೊಳ್ಳಿ. ಪುಟ್ಟಿಯಲ್ಲೇ ಮುಗಿಯಬಹುದು.

ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ಇನ್ನೂ ನಮ್ಮಲ್ಲಿ ಬೇಕಾದಷ್ಟಿವೆ. ಸಂದಿನಿಂದ ಮಣ್ಣು ಉದುರುತ್ತಿದ್ದರೆ ಒಂದು ಇಂಚು ಆಳಕ್ಕೆ ಕೆದಕಿ, ಗಾರೆ ತುಂಬಿ, ಅದು ಒಣಗುವ ತನಕ ಕಾಯಬೇಕು. ಪೂರ್ತಿ ಮಣ್ಣಿನ ಗೋಡೆಗೆ ಈ ಪದ್ಧತಿ ಬೇಡವೇ ಬೇಡ. ಅದು ಉಸಿರಾಡಿಕೊಂಡು ಬದುಕಿರುವ ಗೋಡೆ, ಸುಮ್ನೆ ಮುಚ್ಚಿ ಕೆಡಿಸಬೇಡಿ.

ಇನ್ನು ಇಟ್ಟಿಗೆ ನೀರು ಹೀರುವ ವಿಷಯ. ಆಗಲೇ ಹೇಳಿದೆ, ಅಂಟು ಗಟ್ಟಿಯಾಗುವಾಗ ಅದಕ್ಕೆ ನೀರು ಬೇಕು. ಒಣಗಿ ಬಾಯಿ ಬಿಟ್ಟಿರುವ ಗೂಡಿನ ಇಟ್ಟಿಗೆ ಮುದ್ದೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಮುದ್ದೆ ಹರಳುಗಟ್ಟುವ ಮೊದಲೇ ಒಣಗಿ, ಇಟ್ಟಿಗೆಗೆ ತಾಗಿದ ಮುಖದಲ್ಲಿ ಪುಡಿಯಾಗುತ್ತದೆ. ವೈರ್‌ಕಟ್ ಇಟ್ಟಿಗೆ, ಗಟ್ಟಿ ಸಿಮೆಂಟ್ ಬ್ಲಾಕ್, ಕಾಂಕ್ರೀಟ್ ಕಂಬ ಇವುಗಳ ತೊಂದರೆ ಉಲ್ಟಾ. ನೀರು ಹೀರುವುದು ತೀರಾ ಕಡಿಮೆ, ಅಂಟಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಒಂದೇ ಗೋಡೆಯಲ್ಲಿ ಎರಡೂ ಇರುತ್ತವೆ, ಇಟ್ಟಿಗೆಯ ಪಕ್ಕದಲ್ಲೇ ಕಾಂಕ್ರೀಟ್ ಕಂಬ, ಮೇಲೆ ಬೀಮ್. ಕೈಯಲ್ಲಿ ನೀರು ಚಿಮುಕಿಸಿ ನೋಡಿ. ತಕ್ಷಣ ಮಾಯವಾದರೆ ಹಸಿದ ಗೋಡೆ. ಹನಿ ಹನಿಯಾಗಿ ಜಾರಿದರೆ ನುಣುಪು ಗೋಡೆ. ಒಂದೆರಡು ನಿಮಿಷ ಇದ್ದು ನಿಧಾನಕ್ಕೆ ಇಂಗಿದರೆ ಸರಿಯಾದ ಗೋಡೆ.

ಹಸಿದ ಗೋಡೆಗೆ ಅಂಟಿನ ಕಂಪನಿ ಹೇಳಿದ ಪ್ರೈಮರ್ ಹಚ್ಚಿ, ಅಥವಾ ಅಂಟು ಹಾಕುವ ಸ್ವಲ್ಪ ಮೊದಲು ಬ್ರಷ್‌ನಲ್ಲಿ ತೆಳುವಾಗಿ ನೀರು ಸವರಿ. "ಈಗ ತಾನೇ ಗೋಡೆ ಒಣಗಿಸಿ ಅಂದಿರಿ, ಈಗ ನೀರು ಹಚ್ಚಿ ಅಂತೀರಲ್ಲ" ಅಂತ ಹಿಂದಿನಿಂದ ಒಬ್ಬರು ನಕ್ಕರು. ನಗುವ ಮಾತೇ. ಆದರೆ ಒಂಬತ್ತಿಂಚು ನೆನೆದ ಗೋಡೆಗೂ ಮೇಲ್ಮೈಗೆ ಸವರಿದ ನೀರಿಗೂ ವ್ಯತ್ಯಾಸ ಇದೆ. ಸವರಿದ್ದು ಕೆಲವು ದಿನದಲ್ಲಿ ಆರುತ್ತದೆ. ಪೈಪ್ ಮಾತ್ರ ಹಿಡಿಯಬೇಡಿ. ನುಣುಪು ಗೋಡೆಗೆ ಬಾಂಡಿಂಗ್ ಏಜೆಂಟ್, ಅಂದರೆ ಅಂಟು ಕಚ್ಚಲಿ ಅಂತ ಮೊದಲು ಹಚ್ಚುವ ದ್ರವ ಬೇಕು, ಮರಳಿನ ಕಣ ಇರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಪಿವಿಎ ಗೋಂದು ನೀರಿಗೆ ಬೆರೆಸಿ ಹಚ್ಚುವ ಅಭ್ಯಾಸ ಹಲವರಿಗೆ ಇದೆ. ಒಣ ಒಳಗೋಡೆಗೆ ನಡೆಯುತ್ತದೆ. ತೇವ ಬರುವ ಕಡೆ ಅದು ಮತ್ತೆ ಮೆತ್ತಗಾಗಿ ಜಾರುತ್ತದೆ.

ಇದಕ್ಕಿಂತ ಮುಖ್ಯವಾದ್ದು ಸಿಮೆಂಟ್. ನಮ್ಮ ಮೇಸ್ತ್ರಿಗಳಿಗೆ ಸಿಮೆಂಟಿನ ಮೇಲೆ ಅಪಾರ ಪ್ರೀತಿ. ಏನೇ ಕಲಸಿದರೂ "ಗಟ್ಟಿಯಾಗಲಿ" ಅಂತ ಒಂದು ಹಿಡಿ ಸಿಮೆಂಟ್ ಬೀಳುತ್ತದೆ. ಜಿಪ್ಸಂ ಅಂಟಿಗೆ ದಯವಿಟ್ಟು ಹಾಕಬೇಡಿ. ಸಿಮೆಂಟಿನಲ್ಲಿರುವ ಅಲ್ಯೂಮಿನಾ ಭಾಗವೂ ಜಿಪ್ಸಂನ ಸಲ್ಫೇಟೂ ತೇವ ಸಿಕ್ಕಾಗ ಸೇರಿ ಎಟ್ರಿಂಗೈಟ್ ಅನ್ನುವ ಹರಳು ಬೆಳೆಯುತ್ತದೆ. ಅದು ಬೆಳೆಯುವಾಗ ಊದಿಕೊಳ್ಳುತ್ತದೆ. ಸಿಮೆಂಟ್ ಚೀಲಕ್ಕೆ ಕಾರ್ಖಾನೆಯಲ್ಲಿ ಸ್ವಲ್ಪ ಜಿಪ್ಸಂ ಸೇರಿಸುತ್ತಾರೆ, ಅದು ಬೇಗ ಬಿಗಿಯದ ಹಾಗೆ ಅಳತೆ ಮಾಡಿ ಸೇರಿಸಿದ್ದು. ಸೈಟಿನಲ್ಲಿ ಕೈ ಅಂದಾಜಿನಲ್ಲಿ ಬೆರೆಸಿದರೆ ಮೊದಲ ದಿನ ಕಲ್ಲಿನ ಹಾಗೆ ಕಾಣುತ್ತದೆ, ಮೊದಲ ಮಳೆಗಾಲದ ತೇವಕ್ಕೆ ಊದಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಇದೇ ಕಾರಣಕ್ಕೆ ಗೋಡೆಗೆ ಹಸಿ ಸಿಮೆಂಟ್ ಹಾಲು ಹೊಡೆದು ಅದರ ಮೇಲೇ ಅಂಟು ಹಾಕುವುದೂ ಬೇಡ. ಅಂಟು ಬಾಂಡ್ಲಿಯಲ್ಲಿ ಬಿಗಿಯಲು ಶುರುವಾದ ಮೇಲೆ ನೀರು ಹಾಕಿ ಮತ್ತೆ ಕಲಸುವುದೂ ಬೇಡ. ಬಾಂಡ್ಲಿ ತೊಳೆಯದೆ ಹೊಸದಾಗಿ ಕಲಸಿದರೆ ಅಂಚಿನಲ್ಲಿ ಉಳಿದ ಹಳೆಯ ಹರಳುಗಳಿಂದ ಹೊಸದೂ ಬೇಗ ಗಟ್ಟಿಯಾಗುತ್ತದೆ. "ಈ ಚೀಲದ ಮಾಲು ಸರಿಯಿಲ್ಲ" ಅಂತ ಅಂಗಡಿಯವರ ಹತ್ತಿರ ಜಗಳ ಆಡುವ ಮೊದಲು ಬಾಂಡ್ಲಿ ನೋಡಿ.

ಗೋಡೆ ಸಮ ಇದೆಯಾ ನೋಡುವುದು ಮೇಸ್ತ್ರಿಗಳಿಗೆ ನಾನು ಕಲಿಸಬೇಕಾದ ಕೆಲಸವಲ್ಲ. ಒಂದೆರಡು ಅಳತೆ ಮಾತ್ರ ಹೇಳುತ್ತೇನೆ. ಒಂಬತ್ತಿಂಚಿನ ಗೋಡೆಯಲ್ಲಿ ಒಂದು ಮುಖ ಮಾತ್ರ ಸಮ ಬರುತ್ತದೆ, ಇನ್ನೊಂದು ಮುಖ ಏರುತಗ್ಗು. ದಾರ ಕಟ್ಟಿ, ಗುಂಡು ಬಿಟ್ಟು, ಎಲ್ಲಕ್ಕಿಂತ ಹೊರಗೆ ಚಾಚಿದ ಜಾಗ ಹುಡುಕಿ. ಅಲ್ಲಿ ಮುದ್ದೆ 10 ಮಿಲಿಮೀಟರ್ ಆದರೂ ಇರಬೇಕು. ಅದಕ್ಕೆ ಬೋರ್ಡಿನ 12.5 ಸೇರಿಸಿದರೆ ಸುಮಾರು 23. ಆ ಅಳತೆಯಲ್ಲಿ ನೆಲಕ್ಕೂ ಮೇಲಕ್ಕೂ ಗೆರೆ ಹೊಡೆಯಿರಿ. ಮುದ್ದೆಯ ದಪ್ಪ 25 ದಾಟುವಷ್ಟು ತಗ್ಗು ಎಲ್ಲಾದರೂ ಇದ್ದರೆ ಮೊದಲೇ ಗಾರೆ ತುಂಬಿ ಒಣಗಿಸಿ. ದಪ್ಪ ಮುದ್ದೆ ತನ್ನ ಭಾರಕ್ಕೇ ಜಾರುತ್ತದೆ. ಒಂದೇ ಕಡೆ ಗಾರೆಯ ಉಂಡೆ ಚಾಚಿದ್ದಕ್ಕೆ ಇಡೀ ಗೋಡೆಯನ್ನು ಮುಂದೆ ತರಬೇಡಿ, ಉಳಿಯಲ್ಲಿ ಹೊಡೆದು ತೆಗೆಯಿರಿ.

ವೈರಿಂಗ್ ಗ್ರೂವ್, ಪ್ಲಂಬಿಂಗ್ ಪರೀಕ್ಷೆ ಎಲ್ಲ ಬೋರ್ಡಿಗೆ ಮೊದಲು ಮುಗಿಯಬೇಕು. ಸ್ವಿಚ್ ಬಾಕ್ಸ್‌ಗಳನ್ನು ಬೋರ್ಡಿನ ಮುಖಕ್ಕೆ ಸಮ ಬರುವ ಹಾಗೆ ಮುಂದಕ್ಕೆ ತರಬೇಕು. ಟಿವಿ, ಅಡುಗೆಮನೆ ಕಪಾಟು, ಗೀಸರ್ ಬರುವ ಕಡೆ ಬೋರ್ಡಿನ ಹಿಂದೆ ಖಾಲಿ ಬಿಡಬೇಡಿ, ಪೂರ್ತಿ ಅಂಟು ತುಂಬಿ. ಬೋಲ್ಟ್ ಇಟ್ಟಿಗೆಗೇ ಹೋಗುವಷ್ಟು ಉದ್ದ ಇರಲಿ. ಮುಚ್ಚುವ ಮೊದಲು ಗೋಡೆಗೆ ಅಳತೆ ಟೇಪ್ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಡ್ರಿಲ್ ಹಿಡಿಯುವವರು ನಿಮಗೆ ಕೈ ಮುಗಿಯುತ್ತಾರೆ.

ಬೋರ್ಡಿನ ಸುತ್ತ, ಕಿಟಕಿ ಬಾಗಿಲ ಸುತ್ತ, ಸ್ವಿಚ್ ಬಾಕ್ಸ್ ಸುತ್ತ ಅಂಟು ಮುದ್ದೆಯಾಗಿ ಬೇಡ, ಎಲ್ಲೂ ತುಂಡಾಗದ ಪಟ್ಟಿಯಾಗಿ ಬೇಕು. ಹಿಂದಿನ ಸಂದಿನಲ್ಲಿ ಗಾಳಿ ಓಡಾಡಬಾರದು ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ನಮಗೆ ಇನ್ನೊಂದು ಕಾರಣ ಇದೆ: ಜಿರಳೆ, ಇರುವೆ, ಗೆದ್ದಲು. ಜಿಪ್ಸಂ ಗೆದ್ದಲಿಗೆ ಆಹಾರವಲ್ಲ. ಬೋರ್ಡಿನ ಎರಡೂ ಕಡೆಯ ಕಾಗದ ಆಹಾರವೇ. ತೋಟದ ಮನೆಗಳಲ್ಲಿ ಗೋಡೆ ಬುಡಕ್ಕೆ ಗೆದ್ದಲಿನ ಮದ್ದು ಮಾಡಿಸದೆ ಬೋರ್ಡ್ ತರಬೇಡಿ.

ಕೆಳಗಡೆ ಬೋರ್ಡ್ ನೆಲಕ್ಕೆ ತಾಗಬಾರದು. 12ರಿಂದ 15 ಮಿಲಿಮೀಟರ್ ಸಂದು ಬಿಡಿ ಅನ್ನುತ್ತಾರೆ. ಅದು ನೆಲಕ್ಕೆ ಕಾರ್ಪೆಟ್ ಹಾಸುವ ದೇಶದ ಲೆಕ್ಕ. ನಾವು ಶುಕ್ರವಾರ ಬಂದರೆ ಬಕೆಟ್ ನೀರು ಸುರಿದು ನೆಲ ತೊಳೆಯುವವರು. ನಾನು ಹೇಳುವುದು, ನಾಲ್ಕಿಂಚಿನ ಸ್ಕರ್ಟಿಂಗನ್ನು (ಗೋಡೆ ಬುಡದ ಪಟ್ಟಿಯನ್ನು) ಮೊದಲು ಗೋಡೆಗೇ ಕೂರಿಸಿ. ಬೋರ್ಡ್ ಅದರ ಮೇಲಿಂದ ಶುರುವಾಗಲಿ.

ಕೊನೆಗೆ ಮೂಡಿಗೆರೆ ಕಡೆಯ ಹೋಂಸ್ಟೇ ನಡೆಸುವ ಅಮ್ಮ ಒಬ್ಬರು ಕೇಳಿದ್ದು: "ನಾವು ಆಗಲೇ ಮಾಡಿಸಿಬಿಟ್ಟಿದ್ದೀವಿ. ಒಂದು ರೂಮಿನಲ್ಲಿ ಮಳೆ ಕಡೆಯ ಗೋಡೆ. ಹೋದ ವರ್ಷದಿಂದ ವಾಸನೆ ಬರ್ತಿದೆ. ಎಲ್ಲಾ ಕಿತ್ತು ಹಾಕಬೇಕಾ?"

ಈಗಲೇ ಬೇಡ ಅಮ್ಮ. ವಾಸನೆ ಬರುವ ಗೋಡೆಯಲ್ಲಿ ಕೆಳಗಿನಿಂದ ಒಂದಡಿ ಎತ್ತರಕ್ಕೆ ಬೋರ್ಡ್ ಕತ್ತರಿಸಿ ತೆಗೆಯಿರಿ. ಒಳಗೆ ವೈರ್ ಇರಬಹುದು, ಮೇನ್ ಆಫ್ ಮಾಡಿಸಿ. ಕತ್ತರಿಸಿದ ತುಂಡಿನ ಹಿಂಬದಿ ನೋಡಿ. ಕಾಗದ ಬೆಳ್ಳಗಿದ್ದು ಮುದ್ದೆ ಗಟ್ಟಿ ಇದ್ದರೆ ಹೊರಗಿನ ಬಿರುಕು ಮುಚ್ಚಿಸಿ, ಒಳಗೆ ಹಾಗೇ ತೆರೆದಿಟ್ಟು ಒಂದು ಮಳೆಗಾಲ ನೋಡಿ. ಕಪ್ಪಾಗಿದ್ದರೆ, ಮುದ್ದೆ ಕೈಗೆ ಪುಡಿಯಾಗಿ ಬಂದರೆ ಆ ಗೋಡೆಯದನ್ನು ಮಾತ್ರ ಪೂರ್ತಿ ತೆಗೆಸಿ. ತೆಗೆಯುವವರು ಮೂಗಿಗೆ ಮಾಸ್ಕ್ ಹಾಕಿಕೊಳ್ಳಲಿ, ಕಿಟಕಿ ತೆರೆದಿರಲಿ. ಉಳಿದ ಮೂರು ಗೋಡೆ ಒಳಗೋಡೆಗಳಾದರೆ ಅವುಗಳ ತಂಟೆಗೆ ಹೋಗಬೇಡಿ. ಮಳೆ ಕಡೆಯ ಗೋಡೆಯನ್ನು ಇಟ್ಟಿಗೆ ಕಾಣುವ ಹಾಗೇ ಬಿಟ್ಟರೂ ನಡೆಯುತ್ತದೆ. ಪೇಟೆಯಿಂದ ಬರುವವರು ಅದರ ಮುಂದೆ ನಿಂತೇ ಫೋಟೋ ತೆಗೆಸಿಕೊಳ್ಳುತ್ತಾರೆ.